ಒದ್ದೆ ತಾಟಿನ ಕೆಳಗಿನ ಏಡಿಗಳು

ಕೈಲಾಂಚದ ದೊಡ್ಡಲಕ್ಷ್ಮಮ್ಮನ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡಬೇಕು, ಯಾಕೆಂದರೆ ಆಕೆ ಮಾಡಿದ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ನನ್ನ ಹೆಸರು ಅನಂತರಾಜು. ರೇಷ್ಮೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಊರೂರು ತಿರುಗಿ, ಹುಳು ಸಾಕುವವರ ಮನೆ ಹೊಕ್ಕು, ಅವರಿಗೆ ಬುದ್ಧಿ ಹೇಳಿ, ಅವರದೇ ಕಾಫಿ ಕುಡಿದು ನಿವೃತ್ತನಾದವನು. ಈಗ ರಾಮನಗರದಲ್ಲಿ ಮನೆ. ಬುದ್ಧಿ ಹೇಳುವ ಚಟ ಇನ್ನೂ ಬಿಟ್ಟಿಲ್ಲ. ವಾರಕ್ಕೊಂದು ಸಲವಾದರೂ ಟಿವಿಎಸ್ ಏರಿ ಕೈಲಾಂಚದ ಕಡೆ ಹೋಗಿ ಬರುತ್ತೇನೆ.

ದೊಡ್ಡಲಕ್ಷ್ಮಮ್ಮನಿಗೆ ಐವತ್ತರ ಆಸುಪಾಸು. ಎತ್ತರದ ಹೆಂಗಸು, ಮಾತು ಕಮ್ಮಿ. ಗಂಡ ದಾಸಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ, ಮೂರು ಸೀಮೆಹಸು. ಹೆಸರಿಗೆ ದಾಸಪ್ಪನ ಹುಳು ಮನೆ, ಅಲ್ಲಿ ನಡೆಯುವುದೆಲ್ಲ ಹೆಂಡತಿಯದು. ಮೊಟ್ಟೆಯೊಡೆದು ಬಂದ ರೇಷ್ಮೆ ಮರಿಹುಳು ಇರುವೆಯಷ್ಟೂ ಇರುವುದಿಲ್ಲ. ಅದನ್ನು ಎಂಟು ಹತ್ತು ದಿನ ಎಳೆಗೂಸಿನ ಹಾಗೆ ಸಾಕಿ, ಒಸಿ ದಪ್ಪವಾದ ಮೇಲೆ ಬೇರೆ ರೈತರಿಗೆ ಕೊಡುವುದಕ್ಕೆ ಚಾಕಿ ಸಾಕಣೆ ಎನ್ನುತ್ತಾರೆ. ಆ ಕೆಲಸದಲ್ಲಿ ಆಕೆಯನ್ನು ಮೀರಿಸುವವರು ಇಡೀ ಹೋಬಳಿಯಲ್ಲಿ ಇರಲಿಲ್ಲ. ನಾನು ಗೋಡೆಗೆ ಥರ್ಮಾಮೀಟರ್ ನೇತುಹಾಕಿ ಕನ್ನಡಕ ಏರಿಸಿ ನೋಡುವಷ್ಟರಲ್ಲಿ ಆಕೆ ಮೊಣಕೈವರೆಗೂ ತೋಳನ್ನು ಹುಳುವಿನ ತಟ್ಟೆಯ ಮೇಲೆ ಚಾಚಿ, "ಇಪ್ಪತ್ತೇಳು ಐತೆ ಸಾ" ಅಂದಿರುತ್ತಿದ್ದಳು. ಇಪ್ಪತ್ತೇಳೇ ಇರುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ರೇಷ್ಮೆ ಹುಳುವಿಗೆ ಬಿಸಿ ಆಗಿಬರುವುದಿಲ್ಲ. ಮೂವತ್ತು ಡಿಗ್ರಿ ದಾಟಿತೆಂದರೆ ಮೇವು ಬಿಡುತ್ತದೆ, ಸುಸ್ತಾಗುತ್ತದೆ, ಬಾಯಿಂದ ರಸ ಕಾರುತ್ತದೆ, ಆಮೇಲೆ ಸಾಲು ಸಾಲಾಗಿ ಸಾಯುತ್ತದೆ. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ, ಆಕೆ ಮದುವೆಯಾಗಿ ಬಂದ ಹೊಸದರಲ್ಲಿ, ನಾನೇ ಶೀಟು ಹೊದಿಸಿದ ಆ ಹುಳು ಮನೆಯಲ್ಲಿ ನಿಂತು ಹೇಳಿಕೊಟ್ಟಿದ್ದೆ. ಗೋಣಿಚೀಲ ಬಿಚ್ಚಿದ ತಾಟನ್ನು ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟು, ತಟ್ಟೆಯ ಮೇಲೆ ಹೊದಿಸು, ಒಣಗಿದ ಹಾಗೆಲ್ಲ ಮತ್ತೆ ಅದ್ದು. ನಮ್ಮ ಕಡೆಯ ಒಣ ಗಾಳಿಗೆ ಒದ್ದೆ ತಾಟು ಏಳೆಂಟು ಡಿಗ್ರಿ ಇಳಿಸಿಬಿಡುತ್ತದೆ. ಆಕೆ ಅದನ್ನು ದೇವರ ಪೂಜೆಯಷ್ಟು ಚಾಚೂ ತಪ್ಪದೆ ಇಪ್ಪತ್ತೆಂಟು ವರ್ಷ ಮಾಡಿದಳು. ಬೇಸಿಗೆಯ ಮಧ್ಯಾಹ್ನ ಆಕೆ ಊಟಕ್ಕೆ ಕೂತಿದ್ದನ್ನು ನಾನು ನೋಡಿಲ್ಲ.

ಅವರ ಒಬ್ಬಳೇ ಮಗಳು ಭಾನುಪ್ರಿಯ. ರಾಮನಗರದಲ್ಲಿ ಬಿಎಸ್ಸಿ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ. ಆಮೇಲೆ ಸಮುದ್ರದ ಏಡಿಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಕುಮಟೆಯ ಕಡೆ ಹೊರಟಳು. ಮೂರು ತಲೆಮಾರಿನಲ್ಲಿ ಯಾರೂ ಸಮುದ್ರ ನೋಡಿರದ ಮನೆ ಅದು. ಆಗ ದಾಸಪ್ಪ ನನ್ನನ್ನು ಕೇಳಿದ್ದ, "ಅಲ್ಲ ಸಾ, ನಳ್ಳಿ ಬೇಕಾದ್ರೆ ನಮ್ ಕೆರೆ ಗದ್ದೆಲೇ ಬೇಕಾದಂಗ್ ಸಿಕ್ತವೆ. ಅಷ್ಟ್ ದೂರ ಯಾಕ್ ಹೋಗ್ಬೇಕು?" ಏಡಿಗೆ ನಮ್ಮಲ್ಲಿ ನಳ್ಳಿ ಎನ್ನುತ್ತಾರೆ. ಅವನಿಗೆ ಗೊತ್ತಿದ್ದ ನಳ್ಳಿಯ ಉಪಯೋಗ ಸಾರು ಒಂದೇ.

೨೦೨೪ರ ಮಾರ್ಚ್ ಕೊನೆಯಲ್ಲಿ ಭಾನು ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಹಾಸ್ಟೆಲಿನಲ್ಲಿ ನೋಡಿಕೊಳ್ಳುವವರಿಲ್ಲ, ಮನೆಗೆ ಬರಬೇಕು. ಆದರೆ ಅವಳು ತಿಂಗಳಿಂದ ಹಿಡಿದಿಟ್ಟ ಏಡಿಗಳನ್ನು ಬಿಟ್ಟು ಬರುವುದು ಹೇಗೆ? ಪ್ರಯೋಗ ಆ ಬೇಸಿಗೆಯಲ್ಲೇ ಮುಗಿಯಬೇಕಿತ್ತು, ಅವಳಿಗೆ ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ಕೊನೆಗೆ ದಾಸಪ್ಪ ಒಂದು ವ್ಯಾನು ಮಾಡಿಕೊಂಡು ಹೋಗಿ ಮಗಳು, ನಲವತ್ತೆಂಟು ಏಡಿ, ಇಪ್ಪತ್ತು ಕ್ಯಾನು ಸಮುದ್ರದ ನೀರು ಎಲ್ಲವನ್ನೂ ಹೇರಿಕೊಂಡು ಬಂದ. ಆ ವರ್ಷದ ಬಿಸಿಲಿಗೆ ಹೆದರಿ ಏಪ್ರಿಲ್ಲಿನಲ್ಲಿ ಹುಳು ಇಟ್ಟಿರಲಿಲ್ಲ. ಖಾಲಿ ಇದ್ದ ಹುಳು ಮನೆಯನ್ನು ಲಕ್ಷ್ಮಮ್ಮ ಬ್ಲೀಚಿಂಗ್ ವಾಸನೆ ಹೋಗುವ ತನಕ ತೊಳೆದು, ಏಡಿಗಳಿಗೆ ಬಿಟ್ಟುಕೊಟ್ಟಳು.

ನಾನು ನೋಡಲು ಹೋದಾಗ ಭಾನು ಮನೆಯ ನಡುವಿನ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಅವಳು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸಮುದ್ರ ಏರಿ ಭರತ ಬಂದಾಗ ದಡದ ಆ ಬಂಡೆಗಳು ನೀರಿನೊಳಗೆ, ಇಳಿತವಾದಾಗ ಬಿಸಿಲಿಗೆ. ಅಲ್ಲಿ ಬದುಕುವ ಏಡಿ ದಿನಕ್ಕೆರಡು ಸಲ ತಂಪು ನೀರು, ಕಾದ ಕಲ್ಲು ಎರಡನ್ನೂ ಕಾಣುತ್ತದೆ. ಮಧ್ಯಾಹ್ನದ ಇಳಿತದಲ್ಲಿ ಬಂಡೆ ದೋಸೆ ಕಾವಲಿಯ ಹಾಗೆ ಕಾದಿರುತ್ತದೆ. ಏಡಿ ಬಿರುಕಿನೊಳಗೆ ನುಸುಳುತ್ತದೆ. ಅದಕ್ಕೂ ಮೀರಿದರೆ ಅದರ ಮೈಯೊಳಗೇ ಒಂದು ಏರ್ಪಾಡಿದೆ.

"ಸಾರ್, ಮೊಟ್ಟೆ ಬೇಯಿಸಿದ್ರೆ ಒಳಗಿನ ಲೋಳೆ ಗಟ್ಟಿಯಾಗ್ಬಿಡುತ್ತಲ್ಲ, ಮೈಯೊಳಗಿನ ಪ್ರೋಟೀನೂ ಬಿಸಿಗೆ ಹಂಗೇ ಕೆಡ್ತದೆ. ಕೆಡ್ತಿರೋದನ್ನ ಹಿಡಿದು ಸರಿಮಾಡೋಕೆ ಬೇರೆ ಪ್ರೋಟೀನುಗಳವೆ. ಒಸಿ ಒಸಿ ಬಿಸಿ ಉಣ್ತಾ ಇದ್ರೆ ಮೈ ಅವನ್ನ ಮೊದಲೇ ತಯಾರು ಮಾಡಿ ಇಟ್ಕೊಳ್ತದೆ. ಆಮೇಲೆ ದೊಡ್ಡ ಬಿಸಿ ಬಂದ್ರೂ ತಡ್ಕೊಳ್ತದೆ. ನನ್ನ ಏಡಿಗೆ ಇನ್ನೂ ಹೆಚ್ಚಿನ ಬಿಸಿ ಕಲಿಯೋ ಶಕ್ತಿ ಐತಾ, ಇಲ್ಲ ಅದು ಆಗ್ಲೇ ಕೊನೆ ಮೆಟ್ಟಿಲಲ್ಲಿ ನಿಂತೈತಾ? ಅದೇ ನನ್ನ ಪ್ರಶ್ನೆ. ಸಮುದ್ರ ವರ್ಷ ವರ್ಷ ಬಿಸಿಯಾಗ್ತಾ ಐತೆ."

ಮೂರು ಟಬ್ಬು, ಒಂದೊಂದರಲ್ಲಿ ಹದಿನಾರು ಏಡಿ. ನೀಲಿ ಟಬ್ಬಿನವು ಸದಾ ನಡುಮನೆಯ ನೆರಳಿನಲ್ಲಿ, ತಂಪು ನೀರಿನಲ್ಲಿ. ಕೆಂಪು ಟಬ್ಬಿನವು ದಿನಾ ಹತ್ತು ಗಂಟೆಯಿಂದ ನಾಲ್ಕರವರೆಗೆ ನೀರಿಲ್ಲದ ತಟ್ಟೆಯಲ್ಲಿ, ಆ ಶೀಟು ಮನೆಯ ಸೆಕೆಯಲ್ಲಿ. ಹಸಿರು ಟಬ್ಬಿನವನ್ನು ಆಪತ್ತಿಗೆಂದು ತಂಪಿನಲ್ಲೇ ಇಟ್ಟಿದ್ದಳು. ಹೀಗೆ ಇಪ್ಪತ್ತು ದಿನ ಕಳೆದ ಮೇಲೆ ಪರೀಕ್ಷೆ. ನೀರನ್ನು ನಿಧಾನವಾಗಿ ಕಾಯಿಸುತ್ತ ಹೋಗುವುದು, ಡಿಗ್ರಿ ಏರಿದಂತೆಲ್ಲ ಏಡಿಯನ್ನು ಬೆನ್ನ ಮೇಲೆ ಮಗುಚುವುದು. ಮಗುಚಿದ ಏಡಿ ತಾನಾಗಿ ಹೊರಳಿ ನಿಲ್ಲದಾದಾಗ ಅದರ ಮಿತಿ ಅದು. ಕೂಡಲೇ ತಂಪು ನೀರಿಗೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ.

ಅವಳು ಏಳುವಂತಿಲ್ಲವಲ್ಲ, ಸಮುದ್ರದ ಭರತ ಇಳಿತ ಎಲ್ಲ ಲಕ್ಷ್ಮಮ್ಮನ ಪಾಲಿಗೆ ಬಂತು. ಬೆಳಿಗ್ಗೆ ಹತ್ತಕ್ಕೆ ನೀರು ತೆಗೆದು ಇಳಿತ ಮಾಡುವಳು, ನಾಲ್ಕಕ್ಕೆ ಸುರಿದು ಭರತ ಮಾಡುವಳು. ನೀರು ಆವಿಯಾಗಿ ಉಪ್ಪು ಹೆಚ್ಚಿದರೆ ಊರಿನ ಫಿಲ್ಟರ್ ನೀರು ಬೆರೆಸುವಳು. ಒಂದು ಗಂಟೆಗೆ ಮೊಳೆಗೆ ನೇತುಹಾಕಿದ ಥರ್ಮಾಮೀಟರ್ ನೋಡಿ ನೋಟ್ ಪುಸ್ತಕದಲ್ಲಿ ಅಂಕಿ ಬರೆಯುವಳು. ಮೂವತ್ತಾರು, ಮೂವತ್ತೇಳು, ಒಂದು ದಿನ ಮೂವತ್ತೆಂಟು. ಅಂಕಿಗಳು ದುಂಡಗೆ, ದೊಡ್ಡದಾಗಿ ಇರುತ್ತಿದ್ದವು. ಸಂಜೆ ಭಾನು ಪುಸ್ತಕ ನೋಡಿ ಖುಷಿಪಡುವಳು.

ನೀರಿನಿಂದ ಹೊರಗಿದ್ದ ಏಡಿಗಳು ಮೂರನೇ ದಿನ ನಡು ಮಧ್ಯಾಹ್ನ ಬಾಯಲ್ಲಿ ಗುಳ್ಳೆ ಗುಳ್ಳೆ ನೊರೆ ಕಾರಲು ಶುರುಮಾಡಿದವು. ಇಪ್ಪತ್ತೆಂಟು ವರ್ಷ ಹುಳು ಸಾಕಿದ ಲಕ್ಷ್ಮಮ್ಮನಿಗೆ ಬಾಯಿಂದ ಏನಾದರೂ ಬಂತೆಂದರೆ ಒಂದೇ ಅರ್ಥ. ಮಗಳು ನೋವಿನ ಮಾತ್ರೆ ನುಂಗಿ ಮಲಗಿದ್ದಳು. ಎಬ್ಬಿಸಬೇಕೆನಿಸಲಿಲ್ಲ. ಅಟ್ಟದ ಮೇಲಿದ್ದ ಗೋಣಿ ತಾಟು ತೆಗೆದಳು, ಬೋರಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದಳು, ತಟ್ಟೆಯ ಮೇಲೆ ಹೊದಿಸಿದಳು. ಅರ್ಧ ಗಂಟೆಯಲ್ಲಿ ಏಡಿಗಳು ನೊರೆ ನಿಲ್ಲಿಸಿ ಸುಮ್ಮನಾದವು. ಅವತ್ತಿನಿಂದ ದಿನಾ ಹನ್ನೊಂದಕ್ಕೆ ತಾಟು ಬಿತ್ತು, ಮೂರೂವರೆಗೆ ಎದ್ದಿತು. ಇದರಲ್ಲಿ ಹೇಳುವಂಥದ್ದೇನಾದರೂ ಇದೆ ಎಂದು ಆಕೆಗೆ ಹೊಳೆಯಲೇ ಇಲ್ಲ. ಗೋಡೆಯ ಥರ್ಮಾಮೀಟರ್ ಪ್ರಾಮಾಣಿಕವಾಗಿ ಗೋಡೆಯ ಬಿಸಿಯನ್ನು ತೋರಿಸುತ್ತಿತ್ತು, ಆಕೆಯೂ ಅಷ್ಟೇ ಪ್ರಾಮಾಣಿಕವಾಗಿ ಅದನ್ನೇ ಬರೆಯುತ್ತಿದ್ದಳು.

ಒಂದು ದಿನ ಮಧ್ಯಾಹ್ನ ನಾನೂ ಆ ಹುಳು ಮನೆಗೆ ಇಣುಕಿದೆ. ಒದ್ದೆ ತಾಟು ನೀಟಾಗಿ ಹೊದಿಸಿದ್ದು ಕಂಡೆ. ನಾನು ಹೇಳಿಕೊಟ್ಟ ವಿದ್ಯೆ ಏಡಿಗೂ ಒದಗಿತಲ್ಲ ಎಂದು ಉಬ್ಬಿಹೋದೆ. "ಭೇಷ್ ಲಕ್ಷ್ಮಮ್ಮ" ಅಂದೆ. ಕಾಲು ಗಂಟೆ ಮೊದಲು ಮಗಳ ಬಾಯಿಂದ ಬಿಸಿ ಉಣಿಸುವ ಪ್ರಯೋಗದ ಕಥೆಯನ್ನು ಎರಡನೇ ಸಲ ಕೇಳಿ ಬಂದಿದ್ದವನು ನಾನು. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಪರೀಕ್ಷೆಯ ದಿನ ನಾನಿರಲಿಲ್ಲ. ಮಾರನೆಯ ದಿನ ಹೋದಾಗ ಭಾನುವಿನ ಮುಖ ಅರಳಿತ್ತು. ಕೆಂಪು ಟಬ್ಬಿನ ಏಡಿಗಳು ಮೂವತ್ತೊಂಬತ್ತೂವರೆಯ ಹತ್ತಿರ ಸೋತಿದ್ದವು. ನೀಲಿ ಟಬ್ಬಿನವೂ ಸರಿಯಾಗಿ ಅಲ್ಲೇ ಸೋತಿದ್ದವು. ಇಪ್ಪತ್ತು ದಿನ ಬಿಸಿ ಉಂಡರೂ ಏನೂ ಕಲಿತಿಲ್ಲ.

"ಅಂದ್ರೆ ಇವು ಕೊನೆ ಮೆಟ್ಟಿಲಲ್ಲೇ ನಿಂತವೆ ಸಾರ್. ಇನ್ನು ಒಂದು ಡಿಗ್ರಿ ಏರಿದ್ರೂ ಇವಕ್ಕೆ ಉಳಿಗಾಲ ಇಲ್ಲ" ಅಂದಳು. ಗೈಡ್ ಮೇಡಂಗೆ ಫೋನು ಮಾಡಿ ಆಗಿತ್ತು. ಅವರಿಗೂ ಆಶ್ಚರ್ಯ. ವಾರದೊಳಗೆ ಬರೆದು ಕಳಿಸು, ಮುಂದಿನ ತಿಂಗಳ ಸೆಮಿನಾರಿಗೆ ಇದೇ ಆಗಲಿ ಎಂದಿದ್ದರು. ಮೂರು ವರ್ಷದಲ್ಲಿ ಮೊದಲ ಸಲ ಅವರು ತನ್ನನ್ನು ಹೊಗಳಿದರೆಂದು ಹುಡುಗಿ ಎರಡೆರಡು ಸಲ ಹೇಳಿದಳು. ಲಕ್ಷ್ಮಮ್ಮ ಬಾಗಿಲ ಬಳಿ ನಿಂತಿದ್ದಳು. ಕಾಫಿ ತರುತ್ತೇನೆಂದು ಒಳಗೆ ಹೋದವಳು ಬರಲೇ ಇಲ್ಲ.

ನಾನು ಹೊರಡುವಾಗ ತೋಟದ ಬದುವಿನಲ್ಲಿ ನನ್ನನ್ನು ತಡೆದಳು. ಕಣ್ಣು ಕೆಂಪಗಿದ್ದವು.

"ಸಾ, ನಾನು ದಿನಾ ತಾಟು ಹೊದಿಸ್ತಿದ್ದೆ. ನೀವೂ ನೋಡಿದ್ರಲ್ಲ. ಅವು ಬಿಸಿ ಉಣ್ಣೇ ಇಲ್ಲ ಸಾ. ಕಲ್ಯದೆಲ್ಲಿಂದ ಬತ್ತದೆ?"

ನನಗೆ ನೆತ್ತಿಯ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು. ಆಮೇಲೆ ಹೇಳಿದ್ದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ. "ಸುಮ್ಮನಿದ್ದುಬಿಡು ಲಕ್ಷ್ಮಮ್ಮ" ಅಂದೆ. "ಮಗಳು ಮೂರು ವರ್ಷ ಒದ್ದಾಡಿದ್ದಾಳೆ. ಈಗ ಹೇಳಿದರೆ ಎಲ್ಲ ಮಣ್ಣುಪಾಲು. ಅಲ್ಲಿ ನಡೆದದ್ದು ನಿನಗೂ ನನಗೂ ಬಿಟ್ಟು ಯಾರಿಗೆ ಗೊತ್ತು? ಏಡಿ ಬಂದು ಸಾಕ್ಷಿ ಹೇಳುತ್ತಾ?"

ಆಕೆ ನನ್ನನ್ನೇ ನೋಡಿದಳು. "ಆ ವರ್ಷ ಚಾಕಿಲಿ ಹಾಲು ರೋಗ ಬಂದಿತ್ತಲ್ಲ ಸಾ, ನೆಪ್ಪೈತಾ?"

ನೆನಪಿತ್ತು. ಏಳು ಮನೆಯವರಿಗೆ ಮಾರನೆಯ ದಿನ ಹಂಚಬೇಕಿದ್ದ ಮರಿಹುಳುಗಳಲ್ಲಿ ಎರಡೇ ಎರಡು ಊದಿಕೊಂಡು ಹೊಳೆಯುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಆ ಎರಡನ್ನು ಚಿಟಿಕೆಯಲ್ಲಿ ಎತ್ತಿ ಬಿಸಾಕಿ ಉಳಿದದ್ದನ್ನು ಹಂಚುತ್ತಿದ್ದರು. ಆಕೆ ನನಗೆ ಹೇಳಿಕಳಿಸಿದ್ದಳು. ನಾನು ಬಂದು ನೋಡಿ, ಅಷ್ಟನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿಸಿದ್ದೆ.

"ಅವತ್ತು ನೀವೇ ಏನಂದ್ರಿ? ರೋಗದ್ ಹುಳ ನಿನ್ ಮನೇಲಿದ್ರೆ ನಿನ್ ನಷ್ಟ, ಹಂಚ್ಬುಟ್ರೆ ಊರ್ ನಷ್ಟ ಅಂದ್ರಿ. ಇದೂ ನಮ್ಮನೇಲಿ ಕುಂತಿರಲ್ವಲ್ಲ ಸಾ. ಬರ್ದು ಕಳಿಸ್ತಾಳೆ. ಓದ್ದೋರೆಲ್ಲ ನಿಜ ಅನ್ಕತಾರೆ."

ನಾನು ಟಿವಿಎಸ್‌ನ ಕಿಕ್ಕರ್ ಒದ್ದೆ, ಸ್ಟಾರ್ಟ್ ಆಗಲಿಲ್ಲ. ಮತ್ತೆರಡು ಸಲ ಒದ್ದೆ. ಇಲಾಖೆಯ ಸಂಬಳ ತಿಂದು ಹೇಳಿದ ಮಾತನ್ನು ಆಕೆ ಹದಿನೈದು ವರ್ಷ ಕಾಪಾಡಿಕೊಂಡು ಬಂದಿದ್ದಳು, ನಾನು ಪಿಂಚಣಿಯ ಜೊತೆಗೆ ಅದನ್ನೂ ಮರೆತಿದ್ದೆ. ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಮಾರನೆಯ ದಿನ ನಡೆದದ್ದನ್ನು ಭಾನುವೇ ನನಗೆ ಆಮೇಲೆ ಹೇಳಿದಳು. ಅಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಬಂದು, "ಏಳು, ಒಸಿ ಹುಳದ್ ಮನೆಗ್ ಬಾ" ಅಂದಳಂತೆ. ಅಂಗಳ ದಾಟಿಸಿ, ತನ್ನ ಹೆಗಲ ಮೇಲೆ ಮಗಳ ಭಾರ ಹೊತ್ತು ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದಳು. ಖಾಲಿ ತಟ್ಟೆಯೊಂದನ್ನು ಹಿಂದಿನ ಜಾಗದಲ್ಲೇ ಇಟ್ಟಳು. ತಾಟು ಅದ್ದಿದಳು, ಹಿಂಡಿದಳು, ಹೊದಿಸಿದಳು. ಭಾನು ನೋಡುತ್ತಲೇ ಇದ್ದಳು. ಅರ್ಧ ಗಂಟೆಯ ನಂತರ ತನ್ನ ಡಿಜಿಟಲ್ ಥರ್ಮಾಮೀಟರಿನ ಕಡ್ಡಿಯನ್ನು ತಾಟಿನ ಕೆಳಗೆ ತೂರಿಸಿದಳು. ಗೋಡೆಯಲ್ಲಿ ಮೂವತ್ತೇಳು. ತಾಟಿನ ಕೆಳಗೆ ಇಪ್ಪತ್ತೊಂಬತ್ತು.

"ಎಷ್ಟು ದಿನ ಅಮ್ಮ?"

"ಮೂರ್ನೇ ದಿನದಿಂದ. ಅಷ್ಟೂ ದಿನ."

"ಯಾಕೆ?"

"ಬಾಯಲ್ಲಿ ನೊರೆ ಉಗುಳ್ತಿದ್ವು ಕಣವ್ವ. ಕಾಯ್ಲೆ ಬಂತು ಅನ್ಕಂಡೆ."

"ಕಾಯಿಲೆ ಅಲ್ಲಮ್ಮ ಅದು!" ಭಾನು ಕಿರುಚಿದಳಂತೆ. "ಒಳಗಿರೋ ನೀರನ್ನ ನೊರೆ ಮಾಡಿ ಮೈ ಮೇಲೆ ಹರಡ್ಕೊಳ್ತವೆ. ಅದು ಆರಿದಂಗೆ ಮೈ ತಂಪಾಗ್ತದೆ. ಅವುಗಳ ಒದ್ದೆ ತಾಟೇ ಅದು. ಅವು ಅವುಗಳ ತಾಟು ಹೊದ್ಕೊಂಡಿದ್ವು, ನೀನು ಅದರ ಮೇಲೆ ನಿಂದೊಂದು ಹೊದಿಸ್ದೆ!"

ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗಲಿಲ್ಲವಂತೆ. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು. ತಟ್ಟೆಗೆ ಹಾಕಿದ ಮುದ್ದೆ ಹಾಗೇ ತಣ್ಣಗಾಗಿ ಹಸುವಿನ ಪಾಲಾಯಿತು. ಲಕ್ಷ್ಮಮ್ಮ ಒತ್ತಾಯ ಮಾಡಲಿಲ್ಲ, ಕ್ಷಮೆ ಕೇಳಲಿಲ್ಲ. ಹತ್ತಕ್ಕೆ ಇಳಿತ, ನಾಲ್ಕಕ್ಕೆ ಭರತ, ಅದನ್ನು ಮಾತ್ರ ಬಿಡಲಿಲ್ಲ. ಮೂರನೇ ದಿನ ಭಾನು ಗೈಡ್ ಮೇಡಂಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: ಹಸಿರು ಟಬ್ಬಿನಲ್ಲಿ ಎಷ್ಟು ಉಳಿದಿವೆ?

ಹದಿನೈದು ಉಳಿದಿದ್ದವು. ಎಂಟನ್ನು ಬಿಸಿಗೆ, ಏಳನ್ನು ತಂಪಿಗೆ ಎಂದು ಹಂಚಿದರು. ಮತ್ತೆ ಇಪ್ಪತ್ತು ದಿನ. ಭಾನು ಫೋನಿಟ್ಟು, ಎರಡು ದಿನದ ಮೇಲೆ ಮೊದಲ ಸಲ ಅಮ್ಮನ ಮುಖ ನೋಡಿ, "ಈ ಸಲ ಅವು ಏನು ಮಾಡಿದ್ರೂ ಮುಟ್ಟಬಾರ್ದು. ಆಗ್ತದಾ?" ಅಂದಳು. ಲಕ್ಷ್ಮಮ್ಮ ತಲೆಯಾಡಿಸಿದಳು.

ಅವತ್ತಿನಿಂದ ಆಕೆ ಹತ್ತರಿಂದ ನಾಲ್ಕರವರೆಗೆ ಹುಳು ಮನೆಯೊಳಗೇ ಕೂರತೊಡಗಿದಳು. ಪಕ್ಕದಲ್ಲಿ ನೀರಿನ ಚೊಂಬು, ಕೈಯಲ್ಲಿ ಬೀಸಣಿಗೆಯೂ ಇಲ್ಲ. ಕಾದ ಶೀಟಿನ ಕೆಳಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ನೊರೆ ಕಾರುವ ಎಂಟು ಏಡಿಗಳನ್ನು ನೋಡುತ್ತ ಕೂತಿರುವಳು. ನಾನು ಒಂದು ದಿನ, "ಹೊರಗೆ ಬಂದು ಹುಣಸೆ ಮರದ ಕೆಳಗಾದರೂ ಕೂರಬಾರದಾ, ಗಂಟೆಗೊಮ್ಮೆ ನೋಡಿದರೆ ಸಾಕಲ್ಲ" ಅಂದೆ.

"ಆಚೆ ಹೋದ್ರೆ ಮನಸ್ ತಡೆಯಲ್ಲ ಸಾ. ತಾಟು ಎತ್ಕಂಡ್ ಬಂದ್ಬುಡ್ತೀನಿ. ಇಲ್ಲೇ ನಾನೂ ಬೇಯ್ತಾ ಕುಂತಿದ್ರೆ ಕೈ ಸುಮ್ನಿರ್ತೈತೆ."

ಮೇ ಮೊದಲ ವಾರ ಮಳೆ ಬಂತು. ಇಡೀ ತಾಲ್ಲೂಕು ಉಸಿರುಬಿಟ್ಟಿತು. ಜನ ಅಂಗಡಿ ಮುಂದೆ ನಿಂತು ನೆನೆದರು. ದಾಸಪ್ಪ ಹೊಲ ಉಳುವ ಮಾತಾಡಿದ. ಲಕ್ಷ್ಮಮ್ಮ ಮಾತ್ರ ತಲೆಯ ಮೇಲೆ ಕೈಹೊತ್ತಳು. ಹುಳು ಮನೆಯ ಬಿಸಿ ಇಪ್ಪತ್ತೆಂಟಕ್ಕೆ ಇಳಿದಿತ್ತು, ಇನ್ನೂ ಹತ್ತು ದಿನ ಬಾಕಿ. ಚಳಿಗಾಲದಲ್ಲಿ ಮರಿಹುಳುಗಳನ್ನು ಬೆಚ್ಚಗಿಡಲು ಬಳಸುವ ಕರೆಂಟ್ ಹೀಟರುಗಳು ಅಟ್ಟದಲ್ಲಿದ್ದವು. ಎರಡನ್ನೂ ಇಳಿಸಿ, ಕಿಟಕಿ ಮುಚ್ಚಿ, ಮೇ ತಿಂಗಳಲ್ಲಿ ಆ ಮನೆಗೆ ಬಿಸಿ ಹಾಕಿದಳು. ಇಪ್ಪತ್ತೆಂಟು ಬೇಸಿಗೆ ಬಿಸಿಯನ್ನು ಆಚೆ ಅಟ್ಟಿದವಳು ಈಗ ಅದನ್ನು ಕರೆದು ಕೂರಿಸಿಕೊಂಡಿದ್ದಳು. ಹೀಟರಿನ ಬಿಸಿ ಒಂದು ಮೂಲೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆಕೆ ತೋಳು ಚಾಚಿ ನೋಡಿ ತಟ್ಟೆಯನ್ನು ಒಂದು ಗೇಣು ಈಚೆ, ಒಂದು ಗೇಣು ಆಚೆ ಸರಿಸುವಳು. "ಮೂವತ್ತಾರೂವರೆ" ಅನ್ನುವಳು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ ಭಾನು ಕಡ್ಡಿ ಹಿಡಿದು ನೋಡಿ, "ಮೂವತ್ತಾರು ಪಾಯಿಂಟ್ ನಾಲ್ಕು" ಎಂದು ಬರೆದುಕೊಳ್ಳುವಳು. ಈ ಸಲ ಅಂಕಿ ಗೋಡೆಯದಲ್ಲ, ತಟ್ಟೆಯದು.

"ಮಳೆ ಬಂದು ಊರೆಲ್ಲ ತಂಪಾಗೈತೆ, ಇವ್ಳು ಹೀಟರ್ ಹಾಕ್ಕಂಡು ಬೆವರ್ತಾ ಕುಂತವ್ಳೆ" ಎಂದು ದಾಸಪ್ಪ ಡೈರಿಯ ಹತ್ತಿರ ಹೇಳಿ ನಗಿಸಿದನಂತೆ. ಆದರೆ ಕರೆಂಟು ಹೋದಾಗಲೆಲ್ಲ ಕೈಕೊಟ್ಟ ಬಿಸಿಯನ್ನು ಹಿಡಿದಿಡಲು ಹಂಡೆಯಲ್ಲಿ ಬಿಸಿನೀರು ಹೊತ್ತು ತಂದವನೂ ಅವನೇ.

ಹನ್ನೆರಡನೇ ದಿನ ಎಂಟರಲ್ಲಿ ಒಂದು ಏಡಿ ಸತ್ತಿತು. ನಾನು ಹೋದಾಗ ಲಕ್ಷ್ಮಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ಹೆಬ್ಬೆರಳಿನಷ್ಟಿದ್ದ, ಕಪ್ಪು ಹಸಿರಿನ ಏಡಿ. "ನಿಲ್ಸದಾ?" ಎಂದು ಮಗಳನ್ನು ಕೇಳಿದಳು. ಬೇಡಿಕೊಂಡಳು ಅಂದರೂ ಸರಿ. ಭಾನು ಅಮ್ಮನ ಕಣ್ಣು ನೋಡಲಾರದೆ ಪುಸ್ತಕ ನೋಡುತ್ತ, "ಇಲ್ಲಮ್ಮ" ಅಂದಳು. ಲಕ್ಷ್ಮಮ್ಮ ಎದ್ದು ಏಡಿಯನ್ನು ಪುಸ್ತಕದ ಪಕ್ಕ ಇಟ್ಟು, ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತಳು.

ಎರಡನೇ ಪರೀಕ್ಷೆಯ ದಿನ ನಾನು ಬೆಳಿಗ್ಗೆ ಎಂಟಕ್ಕೇ ಹಾಜರಾದೆ. ಭಾನುವಿನ ಪ್ಲಾಸ್ಟರ್ ತೆಗೆದಿದ್ದರು, ಕುಂಟುತ್ತಿದ್ದಳು. ನೀರು ಕಾಯಿಸುವ ಪೆಟ್ಟಿಗೆ, ಅದರೊಳಗೆ ಗಾಜಿನ ಪಾತ್ರೆಗಳು, ಏಳು ಬಿಸಿ ಉಂಡವು, ಏಳು ತಂಪಿನವು. ಹತ್ತು ನಿಮಿಷಕ್ಕೊಂದು ಡಿಗ್ರಿ. ಮಗುಚುವ ಕೆಲಸ ಲಕ್ಷ್ಮಮ್ಮನದು. ಸೂಕ್ಷ್ಮ ಹುಳು ಎತ್ತಿ ಅಭ್ಯಾಸವಿದ್ದ ಕೈ, ಚಿಮಟದಲ್ಲಿ ಒಂದಕ್ಕೂ ನೋವಾಗದ ಹಾಗೆ ಮಗುಚುತ್ತಿದ್ದಳು. ಮೂವತ್ತೊಂಬತ್ತಕ್ಕೆ ತಂಪಿನ ಏಡಿಗಳು ತಡವರಿಸಿದವು. ಮೂವತ್ತೊಂಬತ್ತೂವರೆ ದಾಟುವಷ್ಟರಲ್ಲಿ ಏಳೂ ಕೈಚೆಲ್ಲಿ ತಂಪು ನೀರಿಗೆ ಹೋದವು. ಬಿಸಿ ಉಂಡ ಏಳೂ ಇನ್ನೂ ಹೊರಳಿ ಹೊರಳಿ ಎದ್ದು ನಿಲ್ಲುತ್ತಿದ್ದವು. ನಲವತ್ತಕ್ಕೆ ಒಂದು ಸೋತಿತು. ನಲವತ್ತೂವರೆಗೆ ಇನ್ನೆರಡು, ಅದು ದಾಟಿದ ಮೇಲೆ ಮತ್ತೆ ಮೂರು. ಕೊನೆಯ ಏಡಿ ನಲವತ್ತೊಂದರಲ್ಲೂ ಎದ್ದಿತು, ಕಾಲು ನಡುಗಿಸುತ್ತ, ಒಂದು ಪಕ್ಕ ವಾಲಿಕೊಂಡು ಎದ್ದಿತು. ಭಾನು ಕೂಗಿಕೊಂಡಳು. ನಾನು ಮೂಗು ಒರೆಸಿಕೊಂಡೆ, ಸೆಕೆಯಲ್ಲಿ ನೆಗಡಿ ಎಂದು ಸುಳ್ಳು ಹೇಳಿದೆ.

ಲಕ್ಷ್ಮಮ್ಮ ಆ ಏಡಿಯನ್ನೂ ತಂಪು ನೀರಿಗೆ ಬಿಟ್ಟು, ಕೈ ಒರೆಸಿಕೊಂಡು, ಮಗಳ ಎದುರು ಕೂತಳು.

"ಭಾನು, ಒಂದ್ ಮಾತ್ ಕೇಳ್ತೀನಿ. ಸುಮ್ ಸುಮ್ನೆ ಹೇಳ್ಬ್ಯಾಡ. ಹಂಗಾದ್ರೆ ಮೊದ್ಲ್ನೇವು ಸೋತಿದ್ದು ನಾನ್ ಕಾಪಾಡಿದ್ದಕ್ಕಾ?"

ಭಾನು ಅಮ್ಮನ ಕೈ ಹಿಡಿದುಕೊಂಡಳು. ಬೇರೇನಾದರೂ ಹೇಳಲು ಹುಡುಕಿದ್ದು ನನಗೆ ಕಾಣುತ್ತಿತ್ತು. ಕೊನೆಗೆ, "ಹೂಂ ಅಮ್ಮ. ಅದಕ್ಕೇ" ಅಂದಳು.

ಲಕ್ಷ್ಮಮ್ಮ ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ. "ಬರ್ಕೊ ಹಂಗಾದ್ರೆ" ಅಂದಳು.

ಭಾನು ಪುಸ್ತಕ ತೆಗೆದಳು. ಮೊದಲ ಗುಂಪಿನ ಪುಟಕ್ಕೆ ಹೋಗಿ ಬರೆಯುತ್ತ ಗಟ್ಟಿಯಾಗಿ ಓದಿದಳು: ಮೂರನೆಯ ದಿನದಿಂದ ತಟ್ಟೆಯನ್ನು ಒದ್ದೆ ಗೋಣಿಯಿಂದ ಮುಚ್ಚಲಾಗಿತ್ತು, ಆದ್ದರಿಂದ ಈ ಗುಂಪನ್ನು ಲೆಕ್ಕಕ್ಕೆ ಹಿಡಿದಿಲ್ಲ.

"ಮುಚ್ಚಲಾಗಿತ್ತು ಅಂದ್ರೆ? ತಾನೇ ಮುಚ್ಕಂಡ್ತಾ?" ಲಕ್ಷ್ಮಮ್ಮನಿಗೆ ಸಿಟ್ಟು ಬಂದಿತ್ತು. "ಯಾರ್ ಮುಚ್ಚಿದ್ರು ಅಂತ ಬರಿ."

"ಹಂಗೆಲ್ಲ ಬರೆಯಲ್ಲಮ್ಮ."

"ತಾಟು ಹೊದಿಸೋದು ಹೇಳಿಕೊಟ್ಟವನು ನಾನು, ಆಮೇಲೆ ನಿನಗೆ ಹೇಳದೆ ಮುಚ್ಚಿಡು ಅಂದವನೂ ನಾನೇ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಭಾನು ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಅದು ಗೊತ್ತಿರಲಿಲ್ಲ. ಅವಳ ಅಮ್ಮ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

ಲಕ್ಷ್ಮಮ್ಮ ನನ್ನ ಮಾತಿಗೆ ಕಿವಿಗೊಡಲಿಲ್ಲ. ಬೆರಳನ್ನು ಪುಟದ ಮೇಲೆ ಇಟ್ಟು ಹೇಳಿದಳು, "ಇಲ್ಲಿ ಬರಿ. ದೊಡ್ಡಲಕ್ಷ್ಮಮ್ಮ ಮುಚ್ಚಿದ್ಲು ಅಂತ ಬರಿ. ಅವು ಸಂಕಟ ಪಡದನ್ನ ನೋಡಕಾಗ್ನಿಲ್ಲ ಅದಕ್ಕೆ ಮುಚ್ಚಿದ್ಲು ಅಂತ್ಲೂ ಬರಿ."

ಭಾನು ಬರೆದಳು. ಎರಡನ್ನೂ ಬರೆದಳು.